ಜೀಪಿನ ಲಾಕಿಂಗ್ ಹಬ್ ಮನೆಯಂಗಳದಲ್ಲೇ ಬದಲಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಕ್ಕೆ ಗೊಬ್ಬರ ಹೊರುವ ಹಳೇ ಜೀಪುಗಳಿಗೆ ಮಳೆಗಾಲದಲ್ಲಿ ಬರುವ ಕಾಯಿಲೆ ಇದು. ಫೋರ್ ವೀಲ್ ಲಿವರ್ ಹಾಕಿದರೂ ಮುಂದಿನ ಗಾಲಿ ಎಳೆಯುವುದಿಲ್ಲ. ಗೇರ್‌ಬಾಕ್ಸ್ ಹೋಯಿತು ಅಂತ ಹೆದರುವ ಮೊದಲು ಲಾಕಿಂಗ್ ಹಬ್ ನೋಡಿ. ಗಾಲಿಯನ್ನು ಆಕ್ಸಲ್ ಶಾಫ್ಟ್‌ಗೆ ಜೋಡಿಸುವುದು, ಬಿಡಿಸುವುದು ಅದರ ಕೆಲಸ. ಒಳಗಿನ ಹಲ್ಲು ಸವೆದಿದ್ದರೆ ಹಬ್ಬಿನ ಮೇಲಿನ ಡಯಲ್ ‘ಲಾಕ್’ ಅಂತ ತೋರಿಸಿದರೂ ಜೋಡಣೆ ಆಗಿರುವುದಿಲ್ಲ. ಒಂದು ಬದಿಯದು ಕೈಕೊಟ್ಟರೂ ಸಾಕು. ಎರಡೂ ಗಾಲಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಅದನ್ನೆಲ್ಲ ಆ ಬದಿಯ ಶಾಫ್ಟನ್ನು ಸುಮ್ನೆ ತಿರುಗಿಸುವುದರಲ್ಲೇ ಕಳೆದುಬಿಡುತ್ತದೆ.

ಇಲ್ಲಿ ಹೇಳುತ್ತಿರುವುದು ಕೈಯಲ್ಲಿ ತಿರುಗಿಸುವ ಹಬ್ ಬಗ್ಗೆ ಮಾತ್ರ.

ಮೊದಲು ಖರೀದಿ. ಅಂಗಡಿಯವರು ‘ಎಲ್ಲ ಜೀಪಿಗೂ ಆಗ್ತದೆ’ ಅಂದರೆ ನಂಬಬೇಡಿ. ಶಾಫ್ಟಿನ ಹಲ್ಲು, ಬೋಲ್ಟಿನ ತೂತು ಎಣಿಸಿಕೊಂಡು ಹೋಗಿ. ಎರಡೂ ಬದಿಗೆ ಒಂದೇ ಕಂಪನಿಯದು ತನ್ನಿ. ಡಯಲ್ ಪ್ಲಾಸ್ಟಿಕ್ಕಿನದಾಗಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಗ್ಯಾಸ್ಕೆಟ್, ಹೊಸ ಸರ್ಕ್ಲಿಪ್ (ಶಾಫ್ಟಿನ ಕಚ್ಚಿನಲ್ಲಿ ಕೂರುವ ಸ್ಪ್ರಿಂಗ್ ಉಂಗುರ), ಸರ್ಕ್ಲಿಪ್ ಬಿಡಿಸುವ ಇಕ್ಕಳ ಇವಿಷ್ಟು ಇಲ್ಲದೆ ಕೆಲಸ ಶುರು ಮಾಡಬೇಡಿ.

ಹಿಂದಿನ ಗಾಲಿಗೆ ಕಲ್ಲು ಕೊಡಿ, ಮುಂದಿನದನ್ನು ಎತ್ತಿ, ಸ್ಟ್ಯಾಂಡ್ ಇಡಿ. ನೆನೆದ ಅಂಗಳದಲ್ಲಿ ಜಾಕ್ ಕುಸಿಯುತ್ತದೆ, ಅಡಿಗೆ ದಪ್ಪ ಹಲಗೆ ಬೇಕು. ಅಡಿಕೆ ದಬ್ಬೆ ಬೇಡ, ಸೀಳುತ್ತದೆ.

ಮುಚ್ಚಳದ ಅಲೆನ್ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಕಾರವಾರ, ಅಂಕೋಲಾದ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗೆ ಇದು ಇನ್ನೂ ಮುಖ್ಯ. ಬೋಲ್ಟಿನ ತಲೆಯೊಳಗಿನ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆದು, ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ, ಆಮೇಲೆ ತಿರುಗಿಸಿ. ಅರ್ಧ ಕೂತ ಕೀ ತಿರುಗಿಸಿದರೆ ತಲೆ ಉರುಟಾಗಿ ಕೆಲಸ ಅಲ್ಲೇ ನಿಲ್ಲುತ್ತದೆ.

ಮುಚ್ಚಳ ತೆಗೆದರೆ ಶಾಫ್ಟಿನ ತುದಿಯಲ್ಲಿ ಸರ್ಕ್ಲಿಪ್ ಕಾಣುತ್ತದೆ. ಜನ ಎಡವುವುದು ಇಲ್ಲೇ. ಎರಡು ಸ್ಕ್ರೂಡ್ರೈವರ್ ತುರುಕಿ ಎಬ್ಬಿಸುತ್ತಾರೆ. ಅದು ಟಣ್ ಅಂತ ಹಾರಿ ದರಕಿನ ರಾಶಿಗೆ ಬೀಳುತ್ತದೆ, ಇಲ್ಲವೇ ಕಣ್ಣಿಗೆ ಬಡಿಯುತ್ತದೆ. ಕನ್ನಡಕ ಹಾಕಿಕೊಳ್ಳಿ. ಒಂದು ಕೈಯಲ್ಲಿ ಬಟ್ಟೆ ಅಡ್ಡ ಹಿಡಿದು, ಇಕ್ಕಳದಿಂದ ಶಾಫ್ಟ್ ದಾಟುವಷ್ಟೇ ಅಗಲಿಸಿ. ಅಡಿಯಲ್ಲಿ ತೆಳು ವಾಷರ್ ಇದ್ದರೆ ಕಳೆಯಬೇಡಿ, ಅದು ಅಳತೆಗೆ ಹಾಕಿದ್ದು.

ಹಾಕುವಾಗ ಇನ್ನೊಂದು ತಾಪತ್ರಯ. ಶಾಫ್ಟ್ ಒಳಕ್ಕೆ ಜಾರಿರುತ್ತದೆ, ಸರ್ಕ್ಲಿಪ್ ಕೂರುವ ಕಚ್ಚು ಕಾಣುವುದೇ ಇಲ್ಲ. ಕಾಣದ ಕಚ್ಚಿಗೆ ಸುತ್ತಿಗೆಯಲ್ಲಿ ಬಡಿಯುವವರೇ ಜಾಸ್ತಿ. ಹಲವು ಗಾಡಿಗಳಲ್ಲಿ ಶಾಫ್ಟಿನ ತುದಿಗೆ ಥ್ರೆಡ್ ಇರುವ ತೂತು ಇರುತ್ತದೆ. ಅದಕ್ಕೆ ಸರಿಯಾದ ಬೋಲ್ಟ್ ತಿರುಗಿಸಿ, ಹಿಡಿದು ಹೊರಗೆಳೆಯಿರಿ, ಕಚ್ಚು ಪೂರ್ತಿ ಕಾಣುತ್ತದೆ. ಎಳೆದು ಹಿಡಿಯಲು ಒಬ್ಬರಿದ್ದರೆ ಒಳ್ಳೆಯದು. ಸರ್ಕ್ಲಿಪ್‌ನ ಒಂದು ಮುಖದ ಅಂಚು ಬೆರಳಿಗೆ ಚೂಪಾಗಿ ಸಿಗುತ್ತದೆ, ಆ ಮುಖ ಹೊರಗೆ ಬರಲಿ. ಕೂತ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿ ನೋಡಿ: ಕಚ್ಚಿನೊಳಗೇ ಸುತ್ತ ಸರಿದರೆ ಸರಿ, ಒಂದು ಕಡೆ ಎದ್ದು ನಿಂತಿದ್ದರೆ ಬಿಚ್ಚಿ ಮತ್ತೆ ಹಾಕಿ. ಸರ್ಕ್ಲಿಪ್ ಬದಲು ತಂತಿ ಸುತ್ತುವ ಬುದ್ಧಿವಂತರೂ ಇದ್ದಾರೆ. ದಯವಿಟ್ಟು ಬೇಡ.

ಸರ್ಕ್ಲಿಪ್ ತೆಗೆಯುವುದಕ್ಕೂ ಹಾಕುವುದಕ್ಕೂ ನಡುವಿನ ಕೆಲಸ ಸುಲಭ. ಹಬ್ಬಿನ ಬೋಲ್ಟ್ ಬಿಚ್ಚಿ, ಮರದ ಕೊಡತಿಯಿಂದ ಸುತ್ತ ತಟ್ಟಿ ಎಳೆಯಿರಿ. ಸಂದಿಗೆ ಉಳಿ ಹಾಕಿ ಮೀಟಿದರೆ ಗ್ಯಾಸ್ಕೆಟ್ ಕೂರುವ ಜಾಗಕ್ಕೆ ಗೀರು ಬಿದ್ದು ಮುಂದಿನ ಹಳ್ಳದಲ್ಲೇ ನೀರು ಒಳಗೆ. ಹಳೇ ಗ್ರೀಸ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಈಗಾಗಲೇ ಹೋಗಿದೆ ಅಂತ ಅರ್ಥ. ಹಾಗಿದ್ದರೆ ಬೇರಿಂಗನ್ನೂ ಬಿಚ್ಚಿ ತೊಳೆದು, ಹೊಸ ಗ್ರೀಸ್ ತುಂಬಿ.

ಹಬ್ಬಿಗೆ ಮಾತ್ರ ಗ್ರೀಸ್ ತುಂಬಬಾರದು. ಹಲ್ಲಿಗೆ ತೆಳ್ಳಗೆ ಸವರಿದರೆ ಸಾಕು. ಗಟ್ಟಿ ಗ್ರೀಸ್ ತುಂಬಿದರೆ ಒಳಗಿನ ಉಂಗುರ ಸರಿಯುವುದೇ ಇಲ್ಲ. ಗ್ಯಾಸ್ಕೆಟ್ ಬದಲು ಸಿಲಿಕಾನ್ ಮೆತ್ತುವುದೂ ಇಂಥದ್ದೇ ಕೆಲಸ, ಹೆಚ್ಚಾದದ್ದು ಒಳಗೆ ಹಿಂಡಿ ಸಿಕ್ಕಿಕೊಳ್ಳುತ್ತದೆ. ಡಯಲ್ ‘ಫ್ರೀ’ಯಲ್ಲಿಟ್ಟು ಮುಚ್ಚಳ ಕೂರಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಎರಡೂ ಬದಿ ಮುಗಿದ ಮೇಲೆ ಪರೀಕ್ಷೆ. ಫೋರ್ ವೀಲ್ ಲಿವರ್ ಹಾಕದೆ, ಎರಡೂ ಡಯಲ್ ‘ಲಾಕ್’ ಮಾಡಿ, ಒಂದೇ ಗಾಲಿ ಎತ್ತಿ ತಿರುಗಿಸಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಮುಂದಿನ ಆಕ್ಸಲ್‌ಗೆ ಬರುವ ಉದ್ದ ಶಾಫ್ಟ್) ತಿರುಗಬೇಕು. ನೆಲದ ಮೇಲಿರುವ ಗಾಲಿಯ ಹಬ್ ‘ಫ್ರೀ’ಯಲ್ಲಿ ಉಳಿದಿದ್ದರೆ ಅದು ತಿರುಗದೆಯೂ ಇರಬಹುದು. ಹೊಸ ಹಬ್ ಕೆಟ್ಟದ್ದು ಅಂತ ಅಂಗಡಿಗೆ ಜಗಳಕ್ಕೆ ಹೋಗುವವರು ಅದನ್ನೊಮ್ಮೆ ನೋಡಿಕೊಳ್ಳಿ.

ಮಳೆಗಾಲ ಪೂರ್ತಿ ಹಬ್ ‘ಲಾಕ್’ನಲ್ಲೇ ಇರಲಿ ಅನ್ನುವವನು ನಾನು. ಡೀಸೆಲ್ ತುಸು ಜಾಸ್ತಿ ಕುಡಿದೀತು, ಆದರೆ ಕೆಸರಿನಲ್ಲಿ ಇಳಿದು ಡಯಲ್ ಹುಡುಕುವುದು ತಪ್ಪುತ್ತದೆ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಹಾಕಲೇಬೇಡಿ. ಹೊಸ ಹಬ್ ಹಾಕಿ ಪೇಟೆಗೊಮ್ಮೆ ಹೋಗಿ ಬಂದ ಮೇಲೆ ಅದನ್ನು ಮುಟ್ಟಿ ನೋಡಿ. ಒಂದು ಬದಿ ಮಾತ್ರ ಕೈ ಸುಡುವಂತಿದ್ದರೆ ಆ ಕಡೆಯ ಬೇರಿಂಗ್ ಬಿಗಿ ಜಾಸ್ತಿಯಾಗಿರಬಹುದು, ಬ್ರೇಕ್ ಹಿಡಿದಿರಲೂಬಹುದು. ಗಾಡಿ ತಣಿದ ಮೇಲೆ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ.