ಮಳೆ ಅಳೆಯುವ ಪೆಟ್ಟಿಗೆಗೆ ಹೆಸರು, ಬಣ್ಣ, ಮಾತು

ಅಡಿಕೆ ತೋಟದ ಮಳೆ ಅಳೆಯುವ ಸಾಧನ ತಯಾರಿಸುವ ಶಿವಮೊಗ್ಗದ ಚಿಕ್ಕ ನವೋದ್ಯಮವೊಂದಕ್ಕೆ ಲಾಂಛನದಿಂದ ಹಿಡಿದು ಮೊಬೈಲ್ ಆ್ಯಪ್‌ವರೆಗೆ ಎಲ್ಲವನ್ನೂ ನಾನೇ ವಿನ್ಯಾಸ ಮಾಡಿದೆ. ಎರಡೂ ಕೆಲಸ ಒಬ್ಬರ ಕೈಯಲ್ಲೇ ಇರಬೇಕೆಂದು ಹಟ ಹಿಡಿದಿದ್ದೆ. ಪೆಟ್ಟಿಗೆಯ ಮೇಲೆ ಕೊಟ್ಟ ಮಾತನ್ನು ಪರದೆ ಉಳಿಸಿಕೊಳ್ಳದಿದ್ದರೆ ಮುಂದಿನ ಮಳೆಗಾಲಕ್ಕೆ ಆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಮಲೆನಾಡಿನಲ್ಲಿ ಮಳೆಯ ಲೆಕ್ಕ ಬೇಕಾಗಿರುವುದು ಮುಖ್ಯವಾಗಿ ಕೊಳೆರೋಗಕ್ಕಾಗಿ. ಬಿಡದೆ ಸುರಿಯುವ ಮಳೆ, ನಡುನಡುವೆ ಇಣುಕುವ ಬಿಸಿಲು, ಇಷ್ಟು ಸಿಕ್ಕರೆ ಫೈಟಾಫ್ತೊರಾ ರೋಗಾಣು ಗೊನೆಗೆ ಹತ್ತಿ ಎಳೆಯ ಕಾಯಿಗಳು ಉದುರತೊಡಗುತ್ತವೆ. ಮುಂಗಾರು ಹಿಡಿಯುವ ಮುನ್ನ ಶೇ 1ರ ಬೋರ್ಡೋ ದ್ರಾವಣ ಹೊಡೆಸಬೇಕು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. 40–45 ದಿನಕ್ಕೆ ಇನ್ನೊಮ್ಮೆ. ಈ ಎರಡನೆಯ ಸುತ್ತು ಬರುವುದು ಪುನರ್ವಸು, ಪುಷ್ಯ ಮಳೆಗಳ ಅಬ್ಬರದಲ್ಲಿ. ಮಳೆ ಹೊಳವಾಗಬೇಕು, ಗೊನೆ ಆರಬೇಕು, ಮರ ಹತ್ತುವವರು ಸಿಗಬೇಕು. ಮೂರೂ ಕೂಡಿ ಬರುವ ಬೆಳಗನ್ನು ಕಂಡುಕೊಳ್ಳಲು ನೆರವಾಗುವುದಷ್ಟೇ ಈ ಸಾಧನದ ಕೆಲಸ.

ಕಂಪನಿಯ ಹುಡುಗರು ‘ಕೊಳೆರೋಗಕ್ಕೆ ಶಾಶ್ವತ ಪರಿಹಾರ’ ಎಂದು ಘೋಷವಾಕ್ಯ ಬರೆದಿಟ್ಟಿದ್ದರು. ಅದನ್ನು ತೆಗೆಸಿದೆ. ರೋಗ ತಡೆಯುವುದು ಬೋರ್ಡೋ. ಪೆಟ್ಟಿಗೆ ಮಳೆ ಅಳೆಯುತ್ತದೆ. ಕೊನೆಗೆ ‘ನಿಮ್ಮ ತೋಟದ ಮಳೆ ಲೆಕ್ಕ’ ಎಂದಷ್ಟೇ ಉಳಿಯಿತು.

ಹೆಸರು ಹುಡುಕುವಾಗ ಎರಡು ಕಟ್ಟುಪಾಡು ಹಾಕಿಕೊಂಡೆ. ನಮ್ಮ ಮಳೆಗೆ ಸ್ಟಿಕ್ಕರ್ ತಾಳುವುದಿಲ್ಲ, ಆದ್ದರಿಂದ ಹೆಸರನ್ನು ಪ್ಲಾಸ್ಟಿಕ್ ಅಚ್ಚಿನಲ್ಲೇ ಉಬ್ಬಿಸಬೇಕಿತ್ತು. ಉಬ್ಬಕ್ಷರದ ಸಂದುಗಳಲ್ಲಿ ಪಾಚಿ ಕಟ್ಟಿದರೆ ಒತ್ತಕ್ಷರ ಓದಲಾಗದು. ಹಾಗಾಗಿ ಒತ್ತಕ್ಷರವಿಲ್ಲದ ಹೆಸರೇ ಬೇಕು. ಇನ್ನೊಂದು, ಎಸ್ಸೆಮ್ಮೆಸ್ ಕಳುಹಿಸುವ ಸಂಸ್ಥೆಯ ಗುರುತಿಗೆ ಸಿಗುವುದು ಆರೇ ಇಂಗ್ಲಿಷ್ ಅಕ್ಷರ. ಅಷ್ಟರಲ್ಲಿ ಹೆಸರು ಕೂರಬೇಕು. ಎಷ್ಟೋ ಚಂದದ ಸಂಸ್ಕೃತ ಹೆಸರುಗಳು ಇಲ್ಲಿಯೇ ಬಿದ್ದುಹೋದವು.

ಬಣ್ಣದ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಗೊಬ್ಬರದಂಗಡಿಗಳ ಸಾಲಿಗೆ ಹೋಗಿ ನೋಡಿದರೆ ಎಲ್ಲ ಫಲಕಗಳಲ್ಲೂ ಹಸಿರು ಎಲೆ. ನಾನು ಅಡಿಕೆ ಬೇಯಿಸುವಾಗ ಹಾಕುವ ಚೊಗರಿನ ಕಡುಗೆಂಪನ್ನು ಆರಿಸಿಕೊಂಡೆ. ಒಂದೇ ಬಣ್ಣದಲ್ಲಿ ಅಚ್ಚಾಗುತ್ತದೆ, ಬೆಳೆಗಾರನ ಕಣ್ಣಿಗೆ ಹೊಸದೂ ಅಲ್ಲ. ಹಸೆ ಚಿತ್ತಾರ ಹಾಕೋಣ ಎಂದವರೂ ಇದ್ದರು. ಅದು ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಮನೆಯ ಗೋಡೆಗೆ ಬರೆಯುವ ಕಲೆ. ಯಂತ್ರದ ಪೆಟ್ಟಿಗೆಗೆ ಅದನ್ನು ಅಂಟಿಸಲು ನನಗೆ ಮನಸ್ಸಾಗಲಿಲ್ಲ.

ಪರದೆಯ ರೂಪ ಗಟ್ಟಿಯಾದದ್ದು ತೀರ್ಥಹಳ್ಳಿ ಕಡೆಯ ಒಂದು ತೋಟದಲ್ಲಿ. ಮನೆಯ ಹಿರಿಯ ಹೆಂಗಸು ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕವರಿನ ಮೇಲೆಲ್ಲ ಹನಿ. ಬೆರಳು ಒಂದು ಕಡೆ ಒತ್ತಿದರೆ ಇನ್ನೇನೋ ತೆರೆದುಕೊಳ್ಳುತ್ತಿತ್ತು. ಸೆರಗಿನಲ್ಲಿ ಒರೆಸೋಣವೆಂದರೆ ಸೆರಗೂ ಒದ್ದೆ. “ತಮ್ಮಾ, ಇದನ್ನು ಮುಟ್ಟದೇ ನೋಡುವ ಹಾಗೆ ಮಾಡಿಕೊಡು. ಎಷ್ಟು ಇಂಚು ಬಿತ್ತು, ಯಾವಾಗ ಬಿಟ್ಟಿತು, ಅಷ್ಟು ಸಾಕು” ಎಂದರು.

ಅವರು ಹೇಳಿದ ಎರಡು ಸಂಗತಿಗಳೇ ಈಗ ಮೊದಲ ಪರದೆಯಲ್ಲಿವೆ. ದಪ್ಪ ಅಕ್ಷರದಲ್ಲಿ ಇಂಚು, ಕೆಳಗೆ ಚಿಕ್ಕದಾಗಿ ಮಿಲಿಮೀಟರ್. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ ಲೆಕ್ಕ. ದಿನಾಂಕದ ಪಕ್ಕ ಮಳೆ ನಕ್ಷತ್ರ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆದ್ದರಿಂದ ಅದನ್ನು ಧಾರಾಳವಾಗಿ ಹೆಚ್ಚಿಸಿದೆ.

ಇಂಟರ್ನೆಟ್ ಸಿಗದ ಕಣಿವೆಗಳಿಗೆ ಎಸ್ಸೆಮ್ಮೆಸ್ಸೇ ಗತಿ. ಇಂಗ್ಲಿಷ್ ಸಂದೇಶಕ್ಕೆ 160 ಸ್ಥಾನವಾದರೆ ಕನ್ನಡಕ್ಕೆ 70. ‘ನ್ನೆ’ ಎಂಬ ಒಂದು ಅಕ್ಷರವೇ ನಾಲ್ಕು ಸ್ಥಾನ ತಿನ್ನುತ್ತದೆ. “ಮೇಲಿನ ತೋಟ: ನಿನ್ನೆ ಮಳೆ 4 ಇಂಚು. ಮಳೆ ನಿಂತು 5 ಗಂಟೆ ಆಯಿತು.” ಇಷ್ಟು ಹಿಡಿಸುತ್ತದೆ. ‘ಔಷಧಿ ಹೊಡೆಯಿರಿ’ ಎಂಬ ಮಾತನ್ನು ಎಲ್ಲಿಯೂ ಬಳಸಿಲ್ಲ. ಆ ತೀರ್ಮಾನ ತೋಟದವರದು.

ನಾನು ಅತಿ ಹೆಚ್ಚು ವಾದ ಮಾಡಿದ್ದು ಮಾಹಿತಿ ಬಾರದ ಹೊತ್ತಿನ ಬಗ್ಗೆ. ಗುಡ್ಡ ಅಡ್ಡ ಬಂದರೆ ಸಂಕೇತ ತಡವಾಗುತ್ತದೆ. ಆಗ ಹಳೆಯ ಅಂಕಿಯನ್ನೇ ತೋರಿಸುತ್ತಿರೋಣ ಎಂದು ಕಂಪನಿಯವರು, ‘ಇದು ನಿನ್ನೆ ಸಂಜೆ 6ರ ಲೆಕ್ಕ’ ಎಂದು ಅಂಕಿಯಷ್ಟೇ ದಪ್ಪಕ್ಕೆ ಬರೆಯೋಣ ಎಂದು ನಾನು. ಮಳೆನೀರು ಹಿಡಿಯುವ ಆಲಿಕೆಗೆ ಎಲೆ ಬಿದ್ದು ರಂಧ್ರ ಕಟ್ಟಿದರೆ ಪೆಟ್ಟಿಗೆ ಜಡಿಮಳೆಯಲ್ಲೂ ಸೊನ್ನೆ ತೋರಿಸುತ್ತದೆ. ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಮಳೆ ದಾಖಲಾಗಿ ಒಂದರಲ್ಲಿ ಮಾತ್ರ ಸೊನ್ನೆ ಇದ್ದರೆ, ‘ಆಲಿಕೆ ಕಟ್ಟಿರಬಹುದು, ನೋಡಿ’ ಎಂಬ ಸಾಲು ಬರುವಂತೆ ಮಾಡಿಸಿದೆವು.

ಕೆಲಸ ಮುಗಿಸಿ ಒಪ್ಪಿಸಿದ ಕೈಪಿಡಿಯಲ್ಲಿ ಲಾಂಛನಕ್ಕೆ ಒಂದೇ ಪುಟ. ಮಿಕ್ಕಿದ್ದೆಲ್ಲ ಇಂಥ ಸಾಲುಗಳು. ಈಗ ಅವರಿಗೆ ಫೋಟೊ ನೋಡಿ ಎಲೆಚುಕ್ಕಿ ರೋಗ ಗುರುತಿಸುವ ಸೌಲಭ್ಯ ಬೇಕಾಗಿದೆ. ಗುರುತು ಖಚಿತವಾಗದಿದ್ದಾಗ ಪರದೆ ಏನು ಹೇಳಬೇಕು ಎಂಬುದನ್ನು ಮೊದಲು ಬರೆದುಕೊಡಿ, ಆಮೇಲೆ ಚಿತ್ರ ಬರೆಯುತ್ತೇನೆ ಎಂದಿದ್ದೇನೆ.