ಹೂಮಳೆ ಬಿದ್ದ ಮೇಲೆ ಕಾವೇರಿಯಲ್ಲಿ ಫ್ಲೈ ಫಿಶಿಂಗ್

ಫ್ಲೈ ಫಿಶಿಂಗ್ ಅಂದರೆ ಗರಿ, ನೂಲು ಸುತ್ತಿ ಹುಳದ ಹಾಗೆ ಕಟ್ಟಿದ ಗಾಳವನ್ನು (ಅದೇ ಫ್ಲೈ) ಲೈನ್ ಬೀಸಿ ನೀರಿಗೆ ಹಾಕಿ ಮೀನು ಹಿಡಿಯುವುದು. ಇದರ ಬಗ್ಗೆ ಓದಲು ಸಿಗುವುದರಲ್ಲಿ ಜಾಸ್ತಿ ಪಾಲು ತಣ್ಣೀರಿನ ಟ್ರೌಟ್ ಮೀನಿನದೇ. ವಸಂತದ ಶುರುವಿನಲ್ಲಿ ಬೆಟ್ಟದ ಹೊಳೆಗೆ ಹಿಮ ಕರಗಿದ ನೀರು ಬರುತ್ತದೆ, ಬಿಸಿಲೇರಿ ನೀರು ಸ್ವಲ್ಪ ಬೆಚ್ಚಗಾಗುವ ತನಕ ಕಾಯಿರಿ ಎನ್ನುತ್ತಾರೆ. ಕಾಶ್ಮೀರದ ಹೊಳೆಗಳಿಗೆ ಅದು ಸರಿ. ಕೊಡಗಿನಲ್ಲಿ ಟ್ರೌಟ್ ಇಲ್ಲ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ನಮ್ಮಲ್ಲಿರುವುದು ಮಹಶೀರ್ ಎಂಬ ದೊಡ್ಡ ಹೊಳೆ ಮೀನು.

ಫೆಬ್ರವರಿ, ಮಾರ್ಚ್‌ನಲ್ಲಿ ಅನುಮತಿ ಪಡೆದು ಕೊಡಗಿನ ವಾಲ್ನೂರು ಕಡೆಯ ಕಾವೇರಿಗೆ ಹೋಗುತ್ತೇನೆ. ಅಲ್ಲಿ ಹಿಡಿದ ಮೀನನ್ನು ವಾಪಸ್ ಬಿಡಲೇಬೇಕು. ಆ ಎರಡು ತಿಂಗಳು ಹೊಳೆ ಹೇಗಿದೆ ಅಂತ ನಾನು ಅಂದಾಜು ಮಾಡುವುದು ಕಾಫಿ ತೋಟದ ಕೆಲಸ ನೋಡಿ.

ಮೊದಲನೆಯದು ಮೋಟಾರ್. ರೊಬಸ್ಟಾ ಕಾಫಿ ಹೂ ಬಿಡಲು ನೀರು ಬೇಕು. ಮಳೆ ತಡವಾದರೆ ತೋಟದವರು ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕುತ್ತಾರೆ. ಬೇಸಿಗೆಯ ಹೊಳೆ ಮೊದಲೇ ಸಣ್ಣದು, ಪಂಪ್ ಓಡಿದರೆ ಇನ್ನೂ ಇಳಿಯುತ್ತದೆ. ಕಲ್ಲಿನ ಮೇಲೆ ಒದ್ದೆ ಗೆರೆಯೊಂದು ಉಳಿದು, ನೀರು ಅದಕ್ಕಿಂತ ಕೆಳಗಿದ್ದರೆ ಈಗಷ್ಟೇ ಇಳಿದಿದೆ ಅಂತ ಅರ್ಥ. ಆಗ ದಡದ ಅಂಚಿನಲ್ಲಿದ್ದ ಮೀನು ನಡುಮಡುವಿಗೆ ಸರಿಯುತ್ತದೆ, ಬಹಳ ಹೆದರುತ್ತದೆ ಕೂಡ. ಅದಕ್ಕೇ ಹೋಗುವ ಮುಂಚೆ ಪಕ್ಕದ ತೋಟದವರನ್ನು ಕೇಳುತ್ತೇನೆ, "ಅಣ್ಣಾ, ಇವತ್ತು ಮೋಟಾರ್ ಹಾಕ್ತೀರಾ?" ಅವರು ಹೂಂ ಅಂದರೆ ಬೆಳಕು ಹರಿಯುವ ಮೊದಲೇ ದಡದಲ್ಲಿರುತ್ತೇನೆ.

ಎರಡನೆಯದು ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ. ನಾನು ವರ್ಷವಿಡೀ ಕಾಯುವುದು ಇದಕ್ಕೇ. ಜೋರು ಮಳೆ ಬಿದ್ದ ಮರುದಿನ ಕೆಂಪು ಮಣ್ಣು ಕದಡಿದ ನೀರು ಬರುತ್ತದೆ, ಎಲೆ ಕಸ ಎಲ್ಲ ತೇಲುತ್ತಿರುತ್ತದೆ. ಆ ದಿನ ಸುಮ್ನೆ ಲೈನ್ ಬೀಸಿ ಪ್ರಯೋಜನವಿಲ್ಲ. ಕೆಸರು ಕೂರಲು ಶುರುವಾಗಿ ನೀರು ಕಡು ಚಹಾದ ಬಣ್ಣಕ್ಕೆ ತಿರುಗಬೇಕು. ಮೊಣಕಾಲು ಆಳದಲ್ಲಿ ನಿಂತಾಗ ನನ್ನ ಶೂ ಮಸುಕಾಗಿ ಕಂಡರೆ ಸಾಕು, ಅದೇ ಹೊತ್ತು. ಮೀನಿಗೆ ಫ್ಲೈ ಕಾಣುತ್ತದೆ, ನಾನು ಕಾಣುವುದಿಲ್ಲ. ಹೊಸ ನೀರಿನ ಜೊತೆ ಹುಳ ಹುಪ್ಪಟೆ ಬರುವುದರಿಂದ ಅದು ತಿನ್ನಲು ಮೇಲೂ ಬಂದಿರುತ್ತದೆ. ಮಳೆಯಾಗಿ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗೆ ಹೂ ಬಿಡುತ್ತದೆ ಅಲ್ವಾ? ಅಷ್ಟೊತ್ತಿಗೆ ನೀರು ಮತ್ತೆ ತಿಳಿಯಾಗಿರುತ್ತದೆ. ಹೂವಿನ ಫೋಟೋ ನೋಡಿ ಬೆಂಗಳೂರಿನಿಂದ ಹೊರಡುವ ಗೆಳೆಯರಿಗೆ ಇದನ್ನೇ ಹೇಳುತ್ತೇನೆ, ಮಳೆ ಸುದ್ದಿ ಕೇಳಿದ ತಕ್ಷಣ ಹೊರಡಿ.

ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಕಲ್ಲಿಗೆ ಬಡಿದು ನೊರೆಯೇಳುವ ಜಾಗವನ್ನು ಮೊದಲು ಹುಡುಕುತ್ತೇನೆ. ನೊರೆ ಮುಗಿದು ಕಪ್ಪು ನೀರು ಶುರುವಾಗುವ ಅಂಚಿನಲ್ಲಿ, ಹರಿವಿಗೆ ಮುಖ ಮಾಡಿ ಮೀನು ನಿಂತಿರುತ್ತದೆ. ಹೀಗೆ ನಿಲ್ಲುವುದನ್ನು ಕಣ್ಣಾರೆ ನೋಡಬೇಕಾದರೆ ಹಾಸನ ಜಿಲ್ಲೆಯಲ್ಲಿ ಕಾವೇರಿ ದಡದ ರಾಮನಾಥಪುರಕ್ಕೆ ಹೋಗಿ. ಅಲ್ಲಿನ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ, ಮೆಟ್ಟಿಲ ಮೇಲೆ ಕೂತು ಎಷ್ಟು ಹೊತ್ತಾದರೂ ನೋಡಬಹುದು. ಗಾಳ ಹಾಕುವ ಪ್ರತಿಯೊಬ್ಬರೂ ಒಮ್ಮೆ ಹೋಗಬೇಕು ಅಂತ ನನ್ನ ಆಸೆ.

ರಾಡ್ 9 ಅಡಿಯದು, 8 ವೇಯ್ಟ್ (ರಾಡ್‌ಗೆ ಹೊಂದುವ ಲೈನಿನ ತೂಕದ ಅಳತೆ). ತೇಲುವ ಲೈನ್. ಕಲಕಿದ ನೀರಿಗೆ ಕಪ್ಪು ವೂಲಿ ಬಗ್ಗರ್ ಎಂಬ ಫ್ಲೈ, ತಿಳಿ ನೀರಿಗೆ ಚಿಕ್ಕ ಕ್ಲೌಸರ್ ಫ್ಲೈ. ಅತ್ತಿ ಮರ ಹೊಳೆಗೆ ಬಾಗಿ ಹಣ್ಣು ಉದುರಿಸುತ್ತಿದ್ದರೆ, ಹಣ್ಣಿನ ಹಾಗೇ ಉಂಡೆಯಾಗಿ ಕಟ್ಟಿದ ಫ್ಲೈ. ಮಹಶೀರ್ ಹಣ್ಣನ್ನೂ ತಿನ್ನುತ್ತದೆ. ಲೈನ್ ಅಡ್ಡಕ್ಕೆ ಬೀಸಿ, ಹರಿವು ಅದನ್ನು ತಾನಾಗಿ ಎಳೆದು ಕಪ್ಪು ನೀರಿಗೆ ತರಲು ಬಿಡುತ್ತೇನೆ. ಮೀನು ಕಚ್ಚಿದರೆ ಮೊದಲು ಲೈನ್ ಗಕ್ಕನೆ ನಿಲ್ಲುತ್ತದೆ. ಆಗ ರಾಡ್ ಎತ್ತಬಾರದು, ಎಡಗೈಯಿಂದ ಲೈನನ್ನೇ ಬಿಗಿಯಾಗಿ ಜಗ್ಗಬೇಕು. ಮುಂದಿನ ಕ್ಷಣ ಅದು ಕೆಳಹರಿವಿಗೆ ಓಡುತ್ತದೆ, ರೀಲ್ ಚೀರುತ್ತದೆ, ಬೆರಳು ಅಡ್ಡ ಬಂದರೆ ಲೈನ್ ಚರ್ಮ ಕೊಯ್ಯುತ್ತದೆ.

ಗಾಳದ ಸಣ್ಣ ಹಿಮ್ಮುಖ ಮುಳ್ಳನ್ನು ಮನೆಯಲ್ಲೇ ಪ್ಲಯರ್‌ನಿಂದ ಒತ್ತಿರುತ್ತೇನೆ. ಕಾವೇರಿಗೇ ಸೇರಿದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗೆ ಸೇರಿತು, ಅದೂ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಎಂದು. ಯಾವ ಮಹಶೀರ್ ಸಿಕ್ಕಿದರೂ ನೀರಿನಿಂದ ಮೇಲೆತ್ತದೆಯೇ ಗಾಳ ಬಿಡಿಸುತ್ತೇನೆ. ಬಾಲದ ಬುಡ ಹಿಡಿದು, ತಲೆ ಹರಿವಿಗೆ ಎದುರಾಗಿಟ್ಟು, ಅದು ಬಲವಾಗಿ ಕೈಯಿಂದ ಕೊಸರಿಕೊಂಡು ಹೋಗುವ ತನಕ ಕಾಯುತ್ತೇನೆ. ದಣಿದ ಮೀನು ಬಿಸಿ ನೀರಿನಲ್ಲಿ ಚೇತರಿಸಿಕೊಳ್ಳುವುದು ಕಷ್ಟ, ಅದಕ್ಕೇ ಬೆಳಿಗ್ಗೆ ಹತ್ತರ ಮೇಲೆ ಲೈನ್ ಬೀಸುವುದಿಲ್ಲ. ಸಂಜೆ ನಾಲ್ಕೂವರೆಗೆ ಮತ್ತೆ ಶುರು. ಕತ್ತಲಾಗುವ ಮುಂಚೆ ಮಾತ್ರ ದಡ ಬಿಟ್ಟಿರಬೇಕು, ಆ ಹೊತ್ತಿಗೆ ಆನೆಗಳು ನೀರಿಗೆ ಇಳಿಯುತ್ತವೆ.