ಸಕ್ಕರೆ ತಾನಾಗಿ ಬರುತ್ತದೆ, ಹುಳಿಯನ್ನು ಉಳಿಸಬೇಕು: ವಿಜಯಪುರದ ಬಿಸಿಲಿನಲ್ಲಿ ವೈನ್ ದ್ರಾಕ್ಷಿ

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಗೆ ಸಿಹಿ ತರಿಸುವುದು ಕಷ್ಟದ ಕೆಲಸವಲ್ಲ. ಫೆಬ್ರವರಿ ಹತ್ತಿರವಾದಂತೆ ಆ ಕೆಲಸವನ್ನು ಬಿಸಿಲೇ ಮಾಡಿಕೊಡುತ್ತದೆ. ಒಣದ್ರಾಕ್ಷಿಗಾಗಿ ಥಾಮ್ಸನ್ ಎಂಬ ಬೀಜವಿಲ್ಲದ ತಳಿ ಬೆಳೆಯುತ್ತಿದ್ದಷ್ಟು ಕಾಲ ಇದು ನನಗೆ ಅನುಕೂಲವೇ ಆಗಿತ್ತು. ದ್ರಾಕ್ಷಿ ಪಡದ ಒಂದು ಭಾಗದಲ್ಲಿ ಥಾಮ್ಸನ್ ಕಿತ್ತು ಕೆಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಎಂಬ ಕೆಂಪು ವೈನ್ ತಳಿಗಳನ್ನು ಹಚ್ಚಿದ ಮೇಲೆ ಅದೇ ಬಿಸಿಲನ್ನು ತಡೆದು ತಡೆದು ಬಳಸಬೇಕಾಯಿತು. ವೈನಿಗೆ ಸಕ್ಕರೆಯೊಂದೇ ಸಾಲದು. ಹುಳಿ, ಸಿಪ್ಪೆಯ ಬಣ್ಣ, ಬೀಜದ ಪಕ್ವತೆ ಈ ಮೂರೂ ಸಕ್ಕರೆಯ ಜೊತೆಗೇ ಬಂದು ನಿಲ್ಲಬೇಕು. ನಮ್ಮಲ್ಲಿ ಸಕ್ಕರೆ ಓಡಿ ಬರುತ್ತದೆ, ಉಳಿದವು ಹಿಂದೆ ಬೀಳುತ್ತವೆ. ನಾನು ಪಡದಲ್ಲಿ ಮಾಡುವ ಬಹುಪಾಲು ಕೆಲಸ ಈ ಓಟವನ್ನು ನಿಧಾನಗೊಳಿಸುವುದಕ್ಕಾಗಿಯೇ ಇದೆ.

ದ್ರಾಕ್ಷಿಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಆಮ್ಲಗಳು. ಬಣ್ಣ ತಿರುಗಿದ ಮೇಲೆ ಕಾಳು ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಬಳಸಿಕೊಳ್ಳುತ್ತದೆ, ಹವೆ ಬೆಚ್ಚಗಿದ್ದಷ್ಟೂ ಅದು ಬೇಗ ಕರಗುತ್ತದೆ. ಆದ್ದರಿಂದ ಹಣ್ಣಾಗುವ ಕಾಲಕ್ಕೆ ರಾತ್ರಿಗಳು ತಂಪಾಗಿರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಂದಿಬೆಟ್ಟದ ತಪ್ಪಲಿನ ತೋಟಗಳಿಗೆ ಈ ತಂಪು ಸ್ಥಳದಿಂದಲೇ ಸಿಗುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ನಮಗೆ ಅದನ್ನು ಕ್ಯಾಲೆಂಡರಿನಲ್ಲಿ ಹುಡುಕಿಕೊಳ್ಳಬೇಕಾಗುತ್ತದೆ.

ಹೀಗಾಗಿ ಮೊದಲ ತೀರ್ಮಾನ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ ಕೆಲಸದ, ತಾರೀಖಿನದು. ನಮ್ಮ ಬಳ್ಳಿ ಯುರೋಪಿನಂತೆ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದಿಲ್ಲ. ಏಪ್ರಿಲ್‌ನಲ್ಲಿ ಕಡ್ಡಿ ತಯಾರಿಗೆ ಒಂದು, ಮಳೆಗಾಲ ಮುಗಿಯುವ ಹೊತ್ತಿಗೆ ಹಣ್ಣಿಗೆ ಇನ್ನೊಂದು ಎಂದು ವರ್ಷಕ್ಕೆ ಎರಡು ಸಲ ಕತ್ತರಿಸುತ್ತೇವೆ. ಎರಡನೆಯ ಚಾಟ್ನಿಯನ್ನು ಸೆಪ್ಟೆಂಬರ್ ಆರಂಭದಲ್ಲೇ ಮಾಡಿದರೆ ಹಣ್ಣು ಜನವರಿಯ ತಂಪಿನಲ್ಲಿ ಮಾಗುತ್ತದೆ, ಆದರೆ ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವುದೂ ಅದೇ ಸೆಪ್ಟೆಂಬರಿನಲ್ಲಿ. ಎಳೆಚಿಗುರಿಗೆ ತೇವದಲ್ಲಿ ಹರಡುವ ಡೌನಿ ಎಂಬ ಬೂಜು ರೋಗ ಹತ್ತಿದರೆ ಹೂಗೊನೆಯೇ ಸುಟ್ಟಂತಾಗುತ್ತದೆ. ಅಕ್ಟೋಬರ್ ಕೊನೆಗೆ ತಳ್ಳಿದರೆ ಚಿಗುರು ಆರೋಗ್ಯವಾಗಿರುತ್ತದೆ, ಹಣ್ಣಾಗುವ ಕಾಲ ಮಾತ್ರ ಮಾರ್ಚ್‌ನ ಸುಡುಬಿಸಿಲಿಗೆ ಸಿಕ್ಕಿಬೀಳುತ್ತದೆ. 35 ಡಿಗ್ರಿ ದಾಟಿದ ಬಿಸಿಲಿನಲ್ಲಿ ಸಿಪ್ಪೆಯ ಬಣ್ಣದ ಅಂಶವೂ ಸರಿಯಾಗಿ ಕೂಡುವುದಿಲ್ಲ. ನಾನು ಸೆಪ್ಟೆಂಬರ್ ಕೊನೆಯ ವಾರ ಮತ್ತು ಅಕ್ಟೋಬರ್ ಮೊದಲ ವಾರದ ನಡುವೆ, ಮೋಡ ನೋಡಿಕೊಂಡು, ಶಿರಾಜನ್ನು ಮೊದಲು ಕತ್ತರಿಸಿ ಕೆಬರ್ನೆಯನ್ನು ಅದರ ಬೆನ್ನಿಗೆ ತೆಗೆದುಕೊಳ್ಳುತ್ತೇನೆ.

ಮಣ್ಣಿನ ವಿಷಯದಲ್ಲಿ ಕೇಳಿಬರುವ ಮಾತುಗಳಲ್ಲಿ ಅರ್ಧವನ್ನು ನಾನು ನಂಬುವುದಿಲ್ಲ. ಸುಣ್ಣಕಲ್ಲಿನ ನೆಲದ ವೈನಿನಲ್ಲಿ ಸುಣ್ಣಕಲ್ಲಿನ ರುಚಿ ಇರುತ್ತದೆ ಎನ್ನುವವರಿದ್ದಾರೆ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತಲುಪಿಸುವುದಿಲ್ಲ. ಮಣ್ಣು ವೈನನ್ನು ತಿದ್ದುವುದು ಮುಖ್ಯವಾಗಿ ನೀರಿನ ಮೂಲಕ. ಜೋಳಕ್ಕೆ ಹೆಸರಾದ ಡೋಣಿ ನದಿಯ ಸಾಲಿನಂಥ ಆಳವಾದ ಎರೆಭೂಮಿ ಮಳೆಯ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಬಳ್ಳಿ ನಿಲ್ಲದೆ ಬೆಳೆಯುತ್ತದೆ, ಕಾಳು ದಪ್ಪಗಾಗುತ್ತದೆ. ಸಣ್ಣ ಕಲ್ಲು ಬೆರೆತ ಗರಸು ಮಣ್ಣಿನಲ್ಲಿ ನೀರು ಬಸಿದು ಹೋಗುವುದರಿಂದ ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ರೈತನ ಕೈಯಲ್ಲಿ ಉಳಿಯುತ್ತದೆ. ಆ ಕಾರಣಕ್ಕೆ ವೈನ್ ತಳಿಗಳನ್ನು ನಮ್ಮ ಗರಸಿನ ಏರಿಗೆ ಹಚ್ಚಿದೆ, ತಗ್ಗಿನ ಎರೆಯಲ್ಲಿ ಥಾಮ್ಸನ್ ಉಳಿಸಿಕೊಂಡೆ. ಬಳ್ಳಿಯನ್ನು ಕಸಿ ಕಟ್ಟುವ ಬೇರುಗಿಡದ ಲೆಕ್ಕವೂ ಹೀಗೆಯೇ. ಸವಳು ನೀರು ತಾಳಿಕೊಳ್ಳುತ್ತದೆಂದು ನಮ್ಮ ಕಡೆ ಎಲ್ಲರೂ ಡಾಗ್‌ರಿಡ್ಜ್ ಎಂಬ ಬೇರುಗಿಡ ಬಳಸುತ್ತಾರೆ, ಆದರೆ ಅದರ ಮೇಲೆ ಕಸಿ ಮಾಡಿದ ಬಳ್ಳಿಗೆ ಸೊಕ್ಕು ಜಾಸ್ತಿ. ವೈನಿಗೆ 110ಆರ್ ಎಂಬ ಬೇರುಗಿಡ ಮೇಲು ಎಂದುಕೊಂಡು ಅದನ್ನೇ ಆರಿಸಿದ್ದೇನೆ.

ನೀರು ಹಿಡಿದು ಕೊಡುವುದೇ ಈ ಬೇಸಾಯದ ಸೂಕ್ಷ್ಮ. ವೈನಿನ ಬಣ್ಣವೂ ಒಗರೂ ಇರುವುದು ಸಿಪ್ಪೆ ಮತ್ತು ಬೀಜದಲ್ಲಿ, ರಸದಲ್ಲಿ ಅಲ್ಲ. ಕಾಳು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಥಾಮ್ಸನ್‌ನಲ್ಲಿ ಜಿಬ್ಬರೆಲಿಕ್ ಆಸಿಡ್ ಎಂಬ ಬೆಳವಣಿಗೆಯ ಹಾರ್ಮೋನಿನಲ್ಲಿ ಅದ್ದಿ ಅದ್ದಿ ಕಾಳು ಉಬ್ಬಿಸಿದ ಕೈ ಇಲ್ಲಿ ಅದನ್ನು ಮುಟ್ಟುವುದಿಲ್ಲ. ಹೂ ಬಿಟ್ಟು ಕಾಳು ಕಟ್ಟುವವರೆಗೆ ಡ್ರಿಪ್‌ನಲ್ಲಿ ಕೊರತೆ ಮಾಡುವುದಿಲ್ಲ. ಕಾಳು ಕಟ್ಟಿದ ಮೇಲೆ ಬಣ್ಣ ತಿರುಗುವವರೆಗೆ ನೀರನ್ನು ಅರ್ಧದಷ್ಟಕ್ಕೆ ಇಳಿಸುತ್ತೇನೆ. ಎಷ್ಟು ಇಳಿಸಬೇಕೆಂದು ಬಳ್ಳಿಯ ಕುಡಿಯೇ ತೋರಿಸುತ್ತದೆ. ಬೆಳಿಗ್ಗೆ ಸಾಲಿನಲ್ಲಿ ನಿಂತು ಕುಡಿಯ ತುದಿಯನ್ನು, ಅದರ ಪಕ್ಕದ ನುಲಿಬಳ್ಳಿಗಳನ್ನು ನೋಡಬೇಕು. ಕುಡಿ ನುಲಿಬಳ್ಳಿಗಳನ್ನು ಹಿಂದೆ ಹಾಕಿ ಮುಂದೆ ಬಾಗಿಕೊಂಡಿದ್ದರೆ ಬಳ್ಳಿಗೆ ನೀರು ಇನ್ನೂ ಧಾರಾಳವಾಗಿದೆ. ನುಲಿಬಳ್ಳಿಗಳು ಕುಡಿಗಿಂತ ಉದ್ದ ಚಾಚಿ ತುದಿ ಮುದುಡಿ ನಿಂತಿದ್ದರೆ ಬೆಳವಣಿಗೆ ನಿಂತಿದೆ, ನನಗೆ ಬೇಕಾದ ಸ್ಥಿತಿ ಅದೇ. ನುಲಿಬಳ್ಳಿಯೇ ಒಣಗಿ ಉದುರತೊಡಗಿ ಬುಡದ ಎಲೆ ಹಳದಿಯಾದರೆ ಹಿಡಿತ ಅತಿಯಾಯಿತೆಂದು ತಿಳಿದು ಅಂದೇ ನೀರು ಬಿಡಬೇಕು, ಏಕೆಂದರೆ ಎಲೆ ಸೋತ ಬಳ್ಳಿಯಲ್ಲಿ ಹಣ್ಣು ಮಾಗುವುದಿಲ್ಲ, ಬರೀ ಬತ್ತುತ್ತದೆ. ಬಣ್ಣ ತಿರುಗಿದ ಮೇಲೆ ಎಲೆಗಳು ಹಸಿರಾಗಿ ಉಳಿಯುವಷ್ಟು ನೀರು ಸಾಕು.

ಚಪ್ಪರದ ಕೆಳಗೆ ದ್ರಾಕ್ಷಿ ಬೆಳೆದವರಿಗೆ ಎಲೆಯ ನಿರ್ವಹಣೆ ಹೊಸದೆನಿಸುತ್ತದೆ. ವೈನ್ ಬಳ್ಳಿಗಳನ್ನು ಉತ್ತರ-ದಕ್ಷಿಣ ಸಾಲಿನಲ್ಲಿ ಬೇಲಿಯಂತೆ ತಂತಿಗೆ ನೆಟ್ಟಗೆ ಕಟ್ಟಿದ್ದೇವೆ. ಗೊನೆಗೆ ಬೆಳಕು ಬೀಳದಿದ್ದರೆ ಕೆಬರ್ನೆಯಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಉಳಿದುಬಿಡುತ್ತದೆ, ಅದು ವೈನಿಗೂ ಬರುತ್ತದೆ. ಪಿರಜಿನ್ ಎಂಬ ಆ ಅಂಶ ಕಡಿಮೆಯಾಗಲು ಕಾಳು ಎಳೆಯದಾಗಿರುವಾಗಲೇ ಬೆಳಕು ಬೇಕು. ಹಾಗೆಂದು ಎರಡೂ ಕಡೆ ಎಲೆ ಬಿಡಿಸಿದರೆ ಮಧ್ಯಾಹ್ನದ ನಂತರದ ಪಡುವಣ ಬಿಸಿಲಿಗೆ ಸಿಪ್ಪೆ ಕಂದುತ್ತದೆ. ಆದ್ದರಿಂದ ಬೆಳಗಿನ ಬಿಸಿಲು ಬೀಳುವ ಮೂಡಣ ಮಗ್ಗುಲಿನ ಎಲೆಗಳನ್ನಷ್ಟೇ ಗೊನೆಯ ಮಟ್ಟದಲ್ಲಿ ತೆಗೆಸುತ್ತೇನೆ, ಪಡುವಣ ಮಗ್ಗುಲನ್ನು ಮುಟ್ಟಲು ಬಿಡುವುದಿಲ್ಲ.

ಎಲೆಯ ನಂತರ ಗೊನೆಯ ಸರದಿ. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ 10–12 ಟನ್ ತೆಗೆಯುವ ಊರಿನಲ್ಲಿ 4 ಟನ್‌ಗೆ ಇಳಿಸುವುದೆಂದರೆ ನೋಡುವವರಿಗೆ ಹುಚ್ಚಾಟ. ಕಾಳು ಕಟ್ಟಿದ ಮೇಲೆ ಕಡ್ಡಿಗೊಂದು ಗೊನೆ ಬಿಟ್ಟು ಉಳಿದದ್ದನ್ನು ಕತ್ತರಿಸುತ್ತಿದ್ದಾಗ ಪಕ್ಕದ ಪಡದ ಹಿರಿಯರು ಬದುವಿನ ಮೇಲೆ ನಿಂತು, "ಏನ್ರೀ ತಮ್ಮಾರ, ಬಂದ ಲಕ್ಷ್ಮೀನ ನೆಲಕ್ಕ ಚೆಲ್ಲಾಕತ್ತೀರಲ್ರೀ?" ಎಂದು ಕೇಳಿದ್ದರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ, ತೂಕದ ಲೆಕ್ಕದಲ್ಲಿ ಇದು ನಷ್ಟವೇ. ಆದರೆ ಹೊರೆ ಹೆಚ್ಚಾದ ಬಳ್ಳಿಯಲ್ಲಿ ಹಣ್ಣು ಮಾಗುವುದು ತಡವಾಗಿ, ಫೆಬ್ರವರಿಯಲ್ಲಿ ಮುಗಿಯಬೇಕಾದ ಕೊಯ್ಲು ಮಾರ್ಚ್ ಬಿಸಿಲಿಗೆ ಜಾರುತ್ತದೆ. ನಿಧಾನ ಬೇಕು ನಿಜ, ಆ ನಿಧಾನ ತಂಪಿನ ದಿನಗಳೊಳಗೇ ನಡೆಯಬೇಕು.

ಗೊಬ್ಬರ, ಔಷಧಿಗಳ ಬಗ್ಗೆ ಎರಡೇ ಮಾತು. ಪೊಟ್ಯಾಷ್ ಜಾಸ್ತಿ ಹಾಕಿದರೆ ಅದು ರಸದ ಟಾರ್ಟಾರಿಕ್ ಆಮ್ಲದೊಡನೆ ಸೇರಿ ಹರಳಾಗಿ ಕೂತು ಪಿಎಚ್ ಏರಿಸುತ್ತದೆ (ಪಿಎಚ್ ಏರಿದಷ್ಟೂ ಹುಳಿ ಕಡಿಮೆ), ಅಂದರೆ ಕಷ್ಟಪಟ್ಟು ಉಳಿಸಿದ ಹುಳಿ ಪಾತ್ರೆಯಲ್ಲಿ ಕೈಬಿಡುತ್ತದೆ. ಎಲೆಯ ತೊಟ್ಟಿನ ಪರೀಕ್ಷೆ ಮಾಡಿಸದೆ ನಾನು ಅದನ್ನು ಹಾಕುವುದಿಲ್ಲ. ಬೂದಿ ರೋಗಕ್ಕೆ ಹೊಡೆಯುವ ಗಂಧಕವನ್ನು ಕೊಯ್ಲಿಗೆ ತಿಂಗಳಿಗಿಂತ ಮೊದಲೇ ನಿಲ್ಲಿಸಬೇಕು, ಸಿಪ್ಪೆಯ ಮೇಲೆ ಉಳಿದ ಗಂಧಕ ಹುಳಿಯುವಾಗ ಕೊಳೆತ ಮೊಟ್ಟೆಯ ವಾಸನೆಯಾಗಿ ತಿರುಗುತ್ತದೆ.

ಕೊಯ್ಲು ಹತ್ತಿರವಾದಾಗ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಒಂದನ್ನೇ ನಂಬಿ ಕೂರುವುದಿಲ್ಲ. ಸಾಲಿನ ಎರಡೂ ಮಗ್ಗುಲಿನಿಂದ, ಗೊನೆಯ ಮೇಲು, ನಡು, ತುದಿಯಿಂದ ನೂರರಷ್ಟು ಕಾಳು ಆರಿಸಿ ಹಿಂಡಿ, ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಮತ್ತು ಪಿಎಚ್ ನೋಡುತ್ತೇನೆ. ಆಮೇಲೆ ಕೆಲವನ್ನು ಬಾಯಿಗೆ ಹಾಕಿ ಅಗಿಯುತ್ತೇನೆ. ಬೀಜ ಹಸಿರಾಗಿ ಮೆತ್ತಗಿದ್ದು ನಾಲಗೆಗೆ ಒರಟು ಒಗರು ಹತ್ತಿದರೆ ಇನ್ನೂ ಕಾಯಬೇಕು. ಬೀಜ ಕಂದಾಗಿ ಹುರಿದ ಕಾಳಿನಂತೆ ಕಟಕ್ಕೆಂದು ಒಡೆದರೆ, ಸಿಪ್ಪೆ ಉಜ್ಜಿದಾಗ ಬೆರಳಿಗೆ ಬಣ್ಣ ಹತ್ತಿದರೆ ಕಾಲ ಬಂದಿದೆ. ಕೆಂಪು ತಳಿಗಳಲ್ಲಿ 24 ಬ್ರಿಕ್ಸ್, 3.6ರ ಒಳಗಿನ ಪಿಎಚ್ ನನ್ನ ಗುರಿ. 24 ಬ್ರಿಕ್ಸ್ ಎಂದರೆ ಶೇಕಡಾ 14ರ ಹತ್ತಿರದ ಆಲ್ಕೋಹಾಲ್. 26ಕ್ಕೆ ಬಿಟ್ಟರೆ ವೈನು ಬರೀ ಗಂಟಲು ಸುಡುತ್ತದೆ. ಕೊಯ್ಲು ನಸುಕಿನ ಮೂರು ಗಂಟೆಗೆ ತಲೆದೀಪ ಕಟ್ಟಿಕೊಂಡು ಶುರುವಾಗಿ ಬಿಸಿಲೇರುವ ಮೊದಲು ಮುಗಿಯುತ್ತದೆ, ಏಕೆಂದರೆ ಬಿಸಿಯಾದ ಹಣ್ಣು ಕ್ರೇಟಿನಲ್ಲೇ ಒಡೆದು ಹುಳಿಯತೊಡಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಹಣ್ಣು ಕೊಡುವ ವೈನರಿಯ ಗೇಟಿನಲ್ಲಿ ದರ ನಿಗದಿಯಾಗುವುದು ಬ್ರಿಕ್ಸ್ ಮತ್ತು ತೂಕದ ಮೇಲೆ ಮಾತ್ರ. ಸಕ್ಕರೆಗೆ ಹಣ ಕೊಟ್ಟು ಹುಳಿಗೆ ಕೊಡದಿದ್ದರೆ ನಮ್ಮ ಜಿಲ್ಲೆಯ ರೈತ ಗೊನೆ ಕತ್ತರಿಸುವುದೂ ಇಲ್ಲ, ನೀರು ಹಿಡಿಯುವುದೂ ಇಲ್ಲ. ಮುಂದಿನ ಹಂಗಾಮಿನ ಕರಾರಿನಲ್ಲಿ 3.6ರ ಒಳಗಿನ ಪಿಎಚ್‌ಗೆ ಕಿಲೋಗೆ ಇಷ್ಟು ಹೆಚ್ಚು ದರ ಎಂಬ ಒಂದು ಕಲಂ ಸೇರಿಸಬೇಕೆಂದು ಕೇಳಿದ್ದೇನೆ. ಚಾಟ್ನಿಗೆ ಮೊದಲು ಉತ್ತರ ಬಂದರೆ ಇನ್ನೊಂದು ತುಂಡು ಗರಸಿಗೂ ಶಿರಾಜ್ ಹಚ್ಚುವ ವಿಚಾರವಿದೆ.